ಹೊಸ್ತಿಲ ಬಳಿಯ ಚಿಕಿತ್ಸೆ

ಕಾಲು ಕಳೆದುಕೊಂಡ ಯೋಧರಿಗಾಗಿ ಪುಣೆಯಲ್ಲಿ 1944ರಿಂದಲೇ ಕೃತಕ ಅಂಗ ಕೇಂದ್ರವಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆಂದು ಅಲ್ಲಿನ ಖಡ್ಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ಆದರೆ ಆ ಯೋಧ ಕೊನೆಗೆ ಮರಳುವುದು ಇಜೇರಿಯಂತಹ ಹಳ್ಳಿಗೆ. ಅಲ್ಲಿ ಎದುರಾಗುವುದು ಎತ್ತರದ ಹೊಸ್ತಿಲು, ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ, ಮಳೆ ಬಂದರೆ ಗಾಲಿಕುರ್ಚಿ ಹೂತುಹೋಗುವ ಎರೆಮಣ್ಣು.

ಮನೆಗೇ ಬರುವ ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ ತೊಡಗುವುದು ಇಲ್ಲಿಂದಲೇ. ಸ್ನಾನ, ಉಡುಪು, ಊಟ, ದುಡಿಮೆ ಇವನ್ನು ರೋಗಿ ತಾನೇ ಮಾಡಿಕೊಳ್ಳುವ ದಾರಿ ಹುಡುಕುವ ವಿದ್ಯೆಯಿದು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ 1950ರಲ್ಲಿ ಮುಂಬಯಿಯಲ್ಲಿ ಇದರ ಶಾಲೆ ತೆರೆದರು. ಚಿಕಿತ್ಸಕರು ಮೊದಲು ಅಳೆಯುವುದು ಬಾಗಿಲಿನ ಅಗಲವನ್ನು, ಮಂಚದ ಎತ್ತರವನ್ನು. ಹೊಸ್ತಿಲಿಗೊಂದು ಇಳಿಜಾರು ಹಲಗೆ, ಬಚ್ಚಲ ಗೋಡೆಗೊಂದು ಹಿಡಿಕೆ. ಊರಿನ ಬಡಿಗನಿಗೂ ಗೌಂಡಿಗೂ ಇದು ಅರ್ಧ ದಿನದ ಕೆಲಸ.

ಕಠಿಣವಾದುದು ಬೇರೆ. ತಾಯಿಯೋ ಮಡದಿಯೋ ಅಕ್ಕರೆಯಿಂದ ರೊಟ್ಟಿ ಮುರಿದು ಬಾಯಿಗಿಡುತ್ತಾರೆ. ಪಡೆಯಲ್ಲಿ ಹತ್ತು ಜನರನ್ನು ನಡೆಸಿದವನು ಮನೆಯಲ್ಲಿ ಶಿಶುವಾಗುತ್ತಾನೆ, ಮಾತು ಕಡಿಮೆ ಮಾಡುತ್ತಾನೆ. ಕೈಕಟ್ಟಿ ನಿಲ್ಲಬೇಕೆಂದು ಆಕೆಗೆ ಹೇಳುವುದು ಸುಲಭವಲ್ಲ. ಅದು ನಿರ್ದಯವೆಂದೇ ತೋರುತ್ತದೆ. ಆದರೂ ತಟ್ಟೆಯ ಕೆಳಗೆ ಒದ್ದೆ ಬಟ್ಟೆಯೊಂದನ್ನು ಹಾಸಿ ನೋಡಿರಿ. ತಟ್ಟೆ ಜಾರದು, ಖಡಕ್ ಜೋಳದ ರೊಟ್ಟಿಯನ್ನು ಆತ ಒಂದೇ ಕೈಯಲ್ಲಿ ಮುರಿದುಕೊಂಡಾನು.