ಜನ ಕಡಿಮೆಯಾದರೂ ಮನೆ ಸಾಲದೇಕೆ?

ಪ್ರಶ್ನೆ: ಮಲೆನಾಡಿನವರು ಊರು ಬಿಡುತ್ತಿದ್ದಾರೆ ಎನ್ನುತ್ತಾರೆ. ಆದರೂ ಹೊಸ ಮನೆಗಳು ಏಳುತ್ತಲೇ ಇವೆಯಲ್ಲ?

ಉತ್ತರ: ಮನೆಯ ಲೆಕ್ಕ ತಲೆ ಎಣಿಸಿ ಹಾಕುವುದಲ್ಲ, ಒಲೆ ಎಣಿಸಿ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 3,000ದಷ್ಟು ಇಳಿಯಿತು. ಆದರೆ ಹತ್ತು ಮಂದಿಯಿದ್ದ ತೊಟ್ಟಿಮನೆ ಪಾಲಾದರೆ ಮೂರು ಸಂಸಾರಕ್ಕೆ ಮೂರು ಮನೆ ಬೇಕು. ಆ ಹತ್ತರಲ್ಲಿ ಇಬ್ಬರು ಬೆಂಗಳೂರಿಗೆ ಹೋದರೂ ಮೂರು ಎರಡಾಗುವುದಿಲ್ಲ; ಅಲ್ಲಿ ಅವರಿಗೆ ಇನ್ನೊಂದು ಬೇಕಾಗುತ್ತದೆ, ಅಷ್ಟೇ. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು.

ವಯಸ್ಸಿನ ಮಾತೂ ಇದೆ. ನಗರಕ್ಕೆ ಬರುವವರಲ್ಲಿ ಹರೆಯದವರೇ ಹೆಚ್ಚು, ಅವರಿಗೆ ಪಿ.ಜಿ., ಸಣ್ಣ ಬಾಡಿಗೆ ಮನೆ ಸಾಕು. ಊರಲ್ಲಿ ಉಳಿದ ಅಪ್ಪ ಅಮ್ಮನಿಗೆ ಬೇಕಾದದ್ದು ಮೆಟ್ಟಿಲಿಲ್ಲದ, ಬಚ್ಚಲು ಒಳಗೇ ಇರುವ, ಆಸ್ಪತ್ರೆಗೆ ಹತ್ತಿರದ ಮನೆ. ತಾಲ್ಲೂಕು ಪೇಟೆಗಳಲ್ಲಿ ಸೈಟಿನ ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. ಹಳೆಯ ಮನೆ? ಕೆಲವು ಹೋಂಸ್ಟೇ ಆದವು, ಕೆಲವಕ್ಕೆ ಬೀಗ.

ಎಲ್ಲ ಜಿಲ್ಲೆಗೂ ಒಂದೇ ನಕ್ಷೆಯ ಮನೆ ಹಂಚುವ ಯೋಜನೆಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ. 2021ರ ಜನಗಣತಿ ನಡೆಯದೆ ಹೋದದ್ದರಿಂದ ಲೆಕ್ಕವೂ ಹಳೆಯದೇ.