ಸಸ್ಯರೋಗ: ಶಾಲೆಗೆ ಬರಬೇಕಾದ ಪಾಠ

ಕಡಲೆಕಾಯಿ ಬೀಜವನ್ನು ಹುರಿಯುವ ಮೊದಲು ಮನೆಯ ಹಿರಿಯರು ಅದನ್ನು ಮೊರಕ್ಕೆ ಸುರಿದು, ಮುರುಟಿದ ಮತ್ತು ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ಎಸೆಯುವುದನ್ನು ಎಲ್ಲರೂ ಕಂಡಿದ್ದಾರೆ. ಏಕೆ ಎಸೆಯುವುದೆಂದು ಮಗು ಕೇಳಿದರೆ ‘ಅದು ಕಹಿ’ ಎಂಬ ಉತ್ತರ ದೊರೆಯುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಆ ಬೂಷ್ಟನ್ನು ಕುರಿತು ಸಸ್ಯರೋಗ ವಿಜ್ಞಾನವೆಂಬ ಶಾಸ್ತ್ರವೇ ಇದೆ. ಕೃಷಿ ಕಾಲೇಜುಗಳಲ್ಲಿ ವಿಸ್ತಾರವಾಗಿ ಕಲಿಸುವ ಈ ಶಾಸ್ತ್ರದ ಮೊದಲ ಪಾಠಗಳು ಶಾಲೆಯ ಮಕ್ಕಳಿಗೂ ತಲುಪಬೇಕು. ಹೊಲ ತೋಟಗಳಿಂದ ದೂರ, ಮಹಾನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಂತೂ ತಲುಪಲೇಬೇಕು.

ಸಸ್ಯಕ್ಕೆ ಬರುವ ರೋಗ ರೈತನೊಬ್ಬನ ಕಷ್ಟವಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಅಂಗಮಾರಿ ರೋಗಕ್ಕೆ ತುತ್ತಾಯಿತು. ಅದನ್ನು ಹಿಂಬಾಲಿಸಿದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಮಡಿದರು. ಲಕ್ಷಾಂತರ ಮಂದಿ ನಾಡು ತೊರೆದರು. ಕೆಟ್ಟ ಹವೆಯೇ ಕಾರಣವೆಂದು ಕೆಲವರೂ ದೇವರ ಮುನಿಸೆಂದು ಕೆಲವರೂ ನಂಬಿದ್ದರು. ಬರಿಗಣ್ಣಿಗೆ ಕಾಣದ ಜೀವಿಯೊಂದು ಗಿಡದಿಂದ ಗಿಡಕ್ಕೆ ಹರಡಿ ಈ ರೋಗವನ್ನು ತರುತ್ತದೆಂಬುದನ್ನು ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. 1876ರಲ್ಲಿ ಅವರು ಆ ಜೀವಿಯ ಕುಲಕ್ಕೆ ಇಟ್ಟ ಹೆಸರು ‘ಫೈಟಾಫ್ತೊರ’, ಅಂದರೆ ಸಸ್ಯನಾಶಕ.

ಅದೇ ಕುಲದ ಜೀವಿ ಮಲೆನಾಡಿನ ಮತ್ತು ಕರಾವಳಿಯ ಅಡಿಕೆ ತೋಟಗಳಿಗೂ ಪರಿಚಿತವೇ. ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗ ಅದರದೇ ಕೆಲಸ. ಮಳೆನೀರು ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ಹಳೆಯ ರೂಢಿಯಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವಿವರವಾದ ಪುಸ್ತಿಕೆ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಈ ದ್ರಾವಣದ ಕಥೆಯೂ ಸ್ವಾರಸ್ಯಕರ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಇಂಥದೊಂದು ಮಿಶ್ರಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ಬಾರದಿದ್ದುದನ್ನು ಗಮನಿಸಿದ ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವೆಂದು ಸಾರಿದರು. ರೋಗ ಬಂದ ಮೇಲೆ ಸಿಂಪಡಿಸಿದರೆ ಪ್ರಯೋಜನ ಕಡಿಮೆ. ಮಳೆಗಾಲಕ್ಕೆ ಮುನ್ನವೇ ಸಿಂಪಡಿಸಬೇಕು. ಲಸಿಕೆಯ ಮಹತ್ವವನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ.

ಈ ಶಾಸ್ತ್ರಕ್ಕೂ ನಮ್ಮ ಆರೋಗ್ಯಕ್ಕೂ ನೇರವಾದ ನಂಟಿದೆ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸ್‌ವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆಯಂಥ ವ್ಯಾಧಿ ಹಬ್ಬಿತು. 397 ಜನ ರೋಗಿಗಳಾದರು. ಅವರಲ್ಲಿ 106 ಮಂದಿ ತೀರಿಕೊಂಡರು. ಅಕಾಲ ಮಳೆಯಲ್ಲಿ ನೆನೆದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿತ್ತು. ಬೇರೆ ಆಹಾರವಿಲ್ಲದ ಬಡವರು ಅದನ್ನೇ ಉಂಡಿದ್ದರು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಕಾಳಿನಲ್ಲಿ ಸ್ರವಿಸುವ ಅಫ್ಲಾಟಾಕ್ಸಿನ್ ವಿಷವೇ ಇದಕ್ಕೆ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಈ ವಿಷ ಸಾಮಾನ್ಯ ಅಡುಗೆಯ ಶಾಖಕ್ಕೆ ನಾಶವಾಗುವುದಿಲ್ಲ. ಬಹುಕಾಲ ದೇಹಕ್ಕೆ ಸೇರುತ್ತಿದ್ದರೆ ಯಕೃತ್ತಿನ ಕ್ಯಾನ್ಸರಿಗೂ ಹಾದಿಯಾಗುತ್ತದೆ. ಮೊರದ ಮುಂದೆ ಕುಳಿತು ಕೆಟ್ಟ ಕಾಳನ್ನು ಆರಿಸುವ ಕೈ ನಿಜಕ್ಕೂ ಮನೆಯವರ ಆರೋಗ್ಯವನ್ನು ಕಾಯುತ್ತಿದೆ.

ಇದನ್ನು ಶಾಲೆಯಲ್ಲಿ ಕಲಿಸಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಬ್ರೆಡ್ಡಿನ ಎರಡು ತುಣುಕುಗಳಲ್ಲಿ ಒಂದನ್ನು ನೀರು ಚಿಮುಕಿಸಿ, ಇನ್ನೊಂದನ್ನು ಚೆನ್ನಾಗಿ ಒಣಗಿಸಿ, ಬೇರೆ ಬೇರೆ ಪಾರದರ್ಶಕ ಚೀಲಗಳಲ್ಲಿ ಭದ್ರವಾಗಿ ಮುಚ್ಚಿಡಬೇಕು. ಕೆಲವು ದಿನಗಳಲ್ಲಿ ಒದ್ದೆಯ ತುಣುಕಿನ ಮೇಲೆ ಬೂಷ್ಟು ಬೆಳೆಯುವುದನ್ನು ಮಕ್ಕಳು ಚೀಲ ತೆರೆಯದೆಯೇ ಭೂತಗನ್ನಡಿಯಿಂದ ನೋಡಬಹುದು. ಆಶ್ರಯ ನೀಡುವ ಸಸ್ಯ, ರೋಗಾಣು, ಅನುಕೂಲವಾದ ಹವೆ ಈ ಮೂರೂ ಕೂಡಿದರೆ ಮಾತ್ರ ಸಸ್ಯಕ್ಕೆ ರೋಗ ಎಂಬ ತತ್ತ್ವಕ್ಕೆ ಇದೇ ಪೀಠಿಕೆ. ಪಾಠ ಮುಗಿದ ಮೇಲೆ ಚೀಲವನ್ನು ಹಾಗೆಯೇ ಎಸೆಯಬೇಕು. ಬಳಿಕ ಶಾಲೆಯ ತೋಟದಲ್ಲಿ ಚುಕ್ಕೆ ಬಿದ್ದ ಎಲೆಗಳನ್ನು ಹುಡುಕಿಸಿ, ದಿನಾಂಕದೊಡನೆ ಚಿತ್ರ ಬರೆಸಿದರೆ ಮಕ್ಕಳು ನೋಡುವುದನ್ನೂ ಕಾರಣ ಕೇಳುವುದನ್ನೂ ಕಲಿಯುತ್ತಾರೆ.

ಹೊರನಾಡಿನಲ್ಲಿದ್ದುಕೊಂಡೇ ಸಸ್ಯಶಾಸ್ತ್ರವನ್ನು ಕನ್ನಡಿಗರ ಮನೆ ಮನೆಗೆ ಒಯ್ದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆ ಮೇಲ್ಪಂಕ್ತಿ ಕನ್ನಡ ಸಂಘಗಳ ಮುಂದಿದೆ. ರಾಜ್ಯೋತ್ಸವದ ಸಭಾಂಗಣದ ಒಂದು ಮೂಲೆಯಲ್ಲಿ ನಾಲ್ಕು ರೋಗಪೀಡಿತ ಎಲೆ, ಒಂದು ಭೂತಗನ್ನಡಿ, ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ಅಧ್ಯಾಪಕ ಇಷ್ಟಿದ್ದರೆ ಆರಂಭಕ್ಕೆ ಸಾಕು. ಊರಿನ ತೋಟದಲ್ಲಿ ಅಜ್ಜ ಪ್ರತಿ ಮಳೆಗಾಲವೂ ಏಕೆ ಆತಂಕಪಡುತ್ತಿದ್ದರೆಂಬುದು ಮೊಮ್ಮಕ್ಕಳಿಗೆ ಅಂದು ತಿಳಿದೀತು.