ಡೀಜಾನ್ ಸಾಸಿವೆ: ಹೆಸರು ಮತ್ತು ನೆಲ

ಊರಿನ ಹೆಸರನ್ನು ಹೊತ್ತ ಪದಾರ್ಥವು ಆ ಊರಿನದೇ ಆಗಿರಬೇಕೆಂದು ಭಾವಿಸುವುದು ಸಹಜ. ಫ್ರಾನ್ಸ್ ದೇಶದ ಪ್ರಸಿದ್ಧ ವ್ಯಂಜನವಾದ ಡೀಜಾನ್ ಸಾಸಿವೆಯ ವಿಷಯದಲ್ಲಿ ಈ ಭಾವನೆಯು ಸಲ್ಲದು. 1937ರ ಸರ್ಕಾರೀ ಆಜ್ಞೆಯು ಅದನ್ನು ತಯಾರಿಕೆಯ ವಿಧಾನದಿಂದ ನಿರ್ದೇಶಿಸಿತೇ ಹೊರತು ಸ್ಥಳದಿಂದಲ್ಲ. ಆದುದರಿಂದ ಬರ್ಗಂಡಿ ಪ್ರಾಂತದ ಈ ಪಟ್ಟಣದ ಹೆಸರಿನಲ್ಲಿ ಯಾರು ಎಲ್ಲಿ ಬೇಕಾದರೂ ಸಾಸಿವೆಯನ್ನು ಅರೆಯಬಹುದು.

ಆ ವಿಧಾನವಾದರೂ ಏನು? ಕಪ್ಪು ಅಥವಾ ಕಂದು ಸಾಸಿವೆಯನ್ನು ಹುಳಿದ್ರವದೊಡನೆ ಅರೆದು ಸಿಪ್ಪೆಯನ್ನು ಸೋಸಿ ತೆಗೆಯುವುದು. ಕಂದು ಸಾಸಿವೆಯು ಭಾರತದಲ್ಲಿ ಹೇರಳವಾಗಿ ಬೆಳೆಯುವ ಜಾತಿಯೇ. ಆದರೆ ನಮ್ಮ ಒಗ್ಗರಣೆಯಲ್ಲಿ ಮೂಗಿಗೇರುವ ಘಾಟಿಲ್ಲ. ಕಾರಣವಿಷ್ಟೆ: ಒಣಗಿದ ಕಾಳಿನಲ್ಲಿ ಘಾಟು ಸಿದ್ಧವಾಗಿರುವುದಿಲ್ಲ. ಸಿನಿಗ್ರಿನ್ ಎಂಬ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಅದರೊಳಗೆ ಬೇರೆ ಬೇರೆಯಾಗಿ ಅಡಗಿರುತ್ತವೆ. ಕಾಳು ನುರಿದು ನೀರು ಸೋಕಿದಾಗ ಎರಡೂ ಕೂಡಿ ಘಾಟಿನ ತೈಲವು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವವು ನಾಶವಾಗುತ್ತದೆ. ಹಸಿ ಸಾಸಿವೆಯನ್ನು ಕಾಯಿಯೊಡನೆ ಅರೆದು ಮಾವಿನಹಣ್ಣಿನ ಸಾಸಿವೆ ಮಾಡುವ ಮಲೆನಾಡಿನ ಗೃಹಿಣಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹೀಗೆ ಹುಟ್ಟಿದ ಘಾಟು ಬಹುಬೇಗ ಆರಿಹೋಗುತ್ತದೆ. ಹುಳಿಯು ಅದನ್ನು ಹಿಡಿದಿಡುತ್ತದೆ. 18ನೆಯ ಶತಮಾನದ ಮಧ್ಯಭಾಗದಲ್ಲಿ ಡೀಜಾನಿನ ಜಾನ್ ನೇಜೋನ್ ಎಂಬಾತನು ವಿನಿಗರ್‌ಗೆ ಬದಲಾಗಿ ಎಳೆದ್ರಾಕ್ಷಿಯ ರಸವನ್ನು ಬಳಸಿದನೆಂದು ಪ್ರತೀತಿ.

ಡೀಜಾನಿಗೆ ದಕ್ಷಿಣದಲ್ಲಿ ಬೋನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ 1840ರಲ್ಲಿ ಸ್ಥಾಪಿತವಾದ ಫಾಲೋ ಕಾರ್ಖಾನೆಯು ಇಂದಿಗೂ ಒಂದು ಕುಟುಂಬದ ಸ್ವತ್ತು. 1928ರಲ್ಲಿ ಅದನ್ನು ವಹಿಸಿಕೊಂಡ ಎದ್ಮೋನ್ ಫಾಲೋ ಅವರ ಹೆಸರೇ ಅದಕ್ಕೆ ನಿಂತಿದೆ. ಅದು ಬೀಸುವ ಕಲ್ಲನ್ನು ಬಿಟ್ಟಿಲ್ಲ. ಇದು ಬರಿಯ ಸಂಪ್ರದಾಯಪ್ರೀತಿಯಲ್ಲ. ವೇಗದ ಯಂತ್ರದಲ್ಲಿ ಹಿಟ್ಟು ಬಿಸಿಯಾದರೆ ಘಾಟು ಕುಗ್ಗುತ್ತದೆ.

ಆದರೆ ಕಾಳು ಎಲ್ಲಿಯದು? ಹಿಂದೆ ಬರ್ಗಂಡಿಯ ಕಾಡುಗಳಲ್ಲಿ ಇದ್ದಿಲು ಸುಡುವವರು ಬೂದಿ ಬಿದ್ದ ಬಯಲಿನಲ್ಲಿ ಸಾಸಿವೆಯನ್ನು ಬಿತ್ತುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಆ ಬೇಸಾಯವು ಬಹುಮಟ್ಟಿಗೆ ಅಳಿಯಿತು. ಫ್ರೆಂಚ್ ಕಾರ್ಖಾನೆಗಳು ಕೆನಡಾದ ಕಾಳನ್ನೇ ನಚ್ಚಿದವು. 1937ರ ಆಜ್ಞೆಯು ರುಚಿಯನ್ನು ಕಾದುದು ನಿಜ, ರೈತನ ಕುರಿತು ಅದು ಮೌನವಾಗಿತ್ತು. 1990ರ ದಶಕದಲ್ಲಿ ಬರ್ಗಂಡಿಯ ಬೆಳೆಗಾರರೂ ತಯಾರಕರೂ ಕೂಡಿ ಬೆಳೆಯನ್ನು ಪುನರುದ್ಧರಿಸಿದರು. 2009ರಲ್ಲಿ 'ಬರ್ಗಂಡಿ ಸಾಸಿವೆ' ಎಂಬ ಹೆಸರಿಗೆ ಯೂರೋಪಿನ ಭೌಗೋಳಿಕ ರಕ್ಷಣೆ ದೊರೆಯಿತು. ಇದಕ್ಕೆ ಆ ಪ್ರಾಂತದ ಕಾಳೂ ಅಲ್ಲಿಯದೇ ಬಿಳಿಯ ದ್ರಾಕ್ಷಾಮದ್ಯವೂ ಬೇಕು. ಅದೇ ವರ್ಷ ಡೀಜಾನ್ ಪಟ್ಟಣದೊಳಗಿನ ಆಮೋರಾ ಕಾರ್ಖಾನೆಯು ಮುಚ್ಚಿತು.

2021ರಲ್ಲಿ ಕೆನಡಾದ ಬೆಳೆಯು ಅನಾವೃಷ್ಟಿಯಿಂದ ಒಣಗಿತು. 2022ರಲ್ಲಿ ಫ್ರಾನ್ಸಿನ ಅಂಗಡಿಗಳಲ್ಲಿ ಸಾಸಿವೆಯ ಕಪಾಟುಗಳು ಬರಿದಾದವು. ಬರ್ಗಂಡಿಯ ಬೆಳೆಯೂ ಕುಗ್ಗಿತ್ತೆಂಬುದನ್ನು ಮರೆಯಲಾಗದು. ಸ್ಥಳೀಯವಾದ ಮಾತ್ರಕ್ಕೆ ಹೊಲವು ಹವೆಯ ಹೊಡೆತದಿಂದ ಪಾರಾಗುವುದಿಲ್ಲ. ಆದರೆ ಆ ಅಭಾವದ ಬಳಿಕ ರೈತನಿಗೆ ಸಲ್ಲುವ ಬೆಲೆಯು ಏರಿತು, ಮರುವರ್ಷ ಬರ್ಗಂಡಿಯಲ್ಲಿ ಸಾಸಿವೆಯ ಬಿತ್ತನೆಯ ಭೂಮಿಯೂ ಬಹಳ ಹೆಚ್ಚಿತು.